ಬಾವಿಯೊಳಗಿನ ಬಾಗಿಲು

ನಾಲತವಾಡದ ಸುತ್ತಿನ ಹೊಲಗಳಲ್ಲಿ ಕೊಳವೆ ಬಾವಿ ಕೊರೆಸುವವರಿಗೆ ಇರುವ ಚಿಂತೆ ಒಂದೇ: ನೀರು ಬಿದ್ದೀತೋ ಇಲ್ಲವೋ? ಬಿದ್ದರೂ ಅದು ತಾನಾಗಿ ಮೇಲೆ ಬರುವುದು ಅಪರೂಪ. ಪಂಪು ಇಳಿಸಬೇಕು, ಕರೆಂಟು ಬರುವವರೆಗೆ ಕಾಯಬೇಕು. ತೈಲ ಮತ್ತು ಅನಿಲದ ಬಾವಿಗಳಲ್ಲಿ, ಅದರಲ್ಲೂ ಹೊಸ ಬಾವಿಗಳಲ್ಲಿ, ಚಿಂತೆ ಅನೇಕ ವೇಳೆ ತಿರುಗುಮುರುಗು. ಒಳಗಿರುವುದು ತಾನಾಗಿಯೇ ನುಗ್ಗಿ ಬರುತ್ತದೆ. ಬೇಡವೆಂದಾಗ ಅದನ್ನು ತಡೆಯುವುದು ಹೇಗೆ?

ವಿದ್ಯಾರ್ಥಿ ಮಿತ್ರರೇ, ನಮ್ಮ ರಾಜ್ಯದಲ್ಲಿ ತೈಲಬಾವಿಗಳಿಲ್ಲ. ಆದರೆ ನಾಲತವಾಡಕ್ಕೆ ಸಮೀಪದ ನಾರಾಯಣಪುರ ಜಲಾಶಯದಿಂದ ಹೊರಡುವ ಕೃಷ್ಣೆಯ ಜೊತೆಗೇ ಸಾಗಿದರೆ, ಆಂಧ್ರದ ಕರಾವಳಿಯಲ್ಲಿ ಅವು ಎದುರಾಗುತ್ತವೆ. ಕೃಷ್ಣಾ-ಗೋದಾವರಿ ಮುಖಜಭೂಮಿಯ ಅಡಿಯಲ್ಲಿ ಕೋಟ್ಯಂತರ ವರ್ಷಗಳಿಂದ ಪದರ ಪದರವಾಗಿ ಕೂತ ಹೂಳು ಕಲ್ಲಾಗಿದೆ. ಆ ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ತೈಲವೂ ಅನಿಲವೂ ಸೇರಿಕೊಂಡಿವೆ. 1995ರ ಜನವರಿ 8ರಂದು ಅಲ್ಲಿನ ಪಾಸರ್ಲಪೂಡಿಯಲ್ಲಿ ಓ.ಎನ್.ಜಿ.ಸಿ. ಕೊರೆಯುತ್ತಿದ್ದ ಬಾವಿಯೊಂದು ಸಿಡಿದು ಹೊತ್ತಿಕೊಂಡಿತು. ಆ ಬೆಂಕಿ ಆರಿದ್ದು 65 ದಿನಗಳ ಬಳಿಕ.

ಇಷ್ಟು ಬಲ ಎಲ್ಲಿಂದ ಬಂತು? ಸುಲಭದ ಲೆಕ್ಕ. ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆ. 3,000 ಮೀಟರ್ ಆಳದ ಕಲ್ಲಿನ ರಂಧ್ರಗಳಲ್ಲಿ ಬರಿಯ ನೀರಿನ ಕಂಬದ ಲೆಕ್ಕಕ್ಕೇ ಸುಮಾರು 300 ವಾಯುಮಂಡಲಗಳ ಒತ್ತಡವಿರುತ್ತದೆ. ಕೆಲವೆಡೆ ಇದಕ್ಕಿಂತ ಹೆಚ್ಚು.

ಬಾವಿ ಕೊರೆಯುವಾಗ ಈ ಒತ್ತಡವನ್ನು ಭಾರವಾದ ಕೆಸರು ಮತ್ತು ಬಾವಿಯ ಬಾಯಿಯಲ್ಲಿನ ದೊಡ್ಡ ತಡೆಯಂತ್ರ ಹಿಡಿದಿಡುತ್ತವೆ. ಕೊರೆದು ಮುಗಿದು ಉತ್ಪಾದನೆ ಆರಂಭವಾದ ಮೇಲೆ ಬಾಯಿಗೆ ಹಲವು ಕವಾಟಗಳ ಜೋಡಣೆಯೊಂದನ್ನು ಕೂರಿಸುತ್ತಾರೆ. ಅದರ ಕೊಂಬೆಗಳಂಥ ಆಕಾರ ನೋಡಿ ಕೆಲಸಗಾರರು ‘ಕ್ರಿಸ್ಮಸ್ ಟ್ರೀ’ ಎಂದೇ ಹೆಸರಿಟ್ಟಿದ್ದಾರೆ. ಸರಿ, ಹಡಗು ಬಡಿದೋ ಬೆಂಕಿಯಿಂದಲೋ ಆ ಮರವೇ ಮುರಿದು ಬಿದ್ದರೆ? ಅದಕ್ಕಾಗಿಯೇ ಅಪಘಾತದ ಕೈಗೆ ಎಟುಕದಂತೆ, ನೆಲದಿಂದ ಅಥವಾ ಸಮುದ್ರದ ತಳದಿಂದ ಹತ್ತಾರು ಇಲ್ಲವೆ ನೂರಾರು ಮೀಟರ್ ಕೆಳಗೆ, ಉತ್ಪಾದನೆಯ ಕೊಳವೆಯೊಳಗೆ ಇನ್ನೊಂದು ಬಾಗಿಲನ್ನು ಇಡುತ್ತಾರೆ. ಸಮುದ್ರದ ಬಾವಿಗಳಲ್ಲಿ ಇದು ಸಾಮಾನ್ಯ.

ಇದರ ಗುಟ್ಟು ನಿಮ್ಮ ಅಡಿಗೆಮನೆಯಲ್ಲೇ ಇದೆ. ಸಿಲಿಂಡರಿನಿಂದ ರೆಗ್ಯುಲೇಟರು ತೆಗೆದಾಗ ಅನಿಲ ಭುಸ್ಸೆಂದು ಹೊರಬರುವುದಿಲ್ಲ, ಏಕೆ? ಒಳಗಿನ ಕಡ್ಡಿಯೊಂದನ್ನು ರೆಗ್ಯುಲೇಟರು ಕೆಳಗೆ ಒತ್ತಿ ಹಿಡಿದಾಗ ಮಾತ್ರ ದಾರಿ ತೆರೆದಿರುತ್ತದೆ. ಒತ್ತುವುದನ್ನು ಬಿಟ್ಟೊಡನೆ ಸ್ಪ್ರಿಂಗು ದಾರಿಯನ್ನು ಮುಚ್ಚುತ್ತದೆ. ತೈಲಬಾವಿಯ ಕವಾಟವೂ ಹೀಗೆಯೇ. ತೆರೆದಿಡಲು ಸದಾ ಬಲ ಬೇಕು, ಮುಚ್ಚಲು ಯಾರ ಅಪ್ಪಣೆಯೂ ಬೇಡ.

ಕಾಲಿಂಚು ದಪ್ಪದ ಉಕ್ಕಿನ ನಳಿಕೆಯೊಂದು ಮೇಲಿನಿಂದ ಕವಾಟದವರೆಗೆ ಇಳಿದಿರುತ್ತದೆ. ಅದರ ತುಂಬ ಎಣ್ಣೆ. ಮೇಲಿನಿಂದ ಪಂಪು ಒತ್ತಿದರೆ, ಪಾಸ್ಕಲನ ನಿಯಮದಂತೆ, ಒತ್ತಡ ಕೆಳಗಿನ ಕೊಂತವನ್ನು ತಲುಪುತ್ತದೆ. ಕೊಂತ ಒಂದು ತೋಳನ್ನು ಕೆಳಗೆ ದೂಡುತ್ತದೆ, ತೋಳು ಬಾಗಿಲ ರೆಕ್ಕೆಯನ್ನು ಪಕ್ಕಕ್ಕೆ ಸರಿಸಿ ನಿಲ್ಲುತ್ತದೆ. ಮೇಲೆ ಒತ್ತಡ ಬಿಟ್ಟರೆ ಸ್ಪ್ರಿಂಗು ತೋಳನ್ನು ಎತ್ತುತ್ತದೆ, ರೆಕ್ಕೆ ಬೀಳುತ್ತದೆ. ಕೆಳಗಿನಿಂದ ನುಗ್ಗುವ ಅನಿಲವೇ ಅದನ್ನು ಮತ್ತಷ್ಟು ಬಿಗಿಯಾಗಿ ಅದುಮುತ್ತದೆ! ನಿಯಂತ್ರಣದ ಜಾಲದಲ್ಲಿ ಅಲ್ಲಲ್ಲಿ ಬೇಗ ಕರಗುವ ಮಿಶ್ರಲೋಹದ ಬಿರಡೆಗಳನ್ನೂ ಇಡುತ್ತಾರೆ. ಬೆಂಕಿ ಬಿದ್ದರೆ ಅವು ಕರಗಿ ಒತ್ತಡ ಸೋರುತ್ತದೆ. ಗುಂಡಿ ಒತ್ತಲು ಮನುಷ್ಯನಿಲ್ಲದಿದ್ದರೂ ಬಾಗಿಲು ಮುಚ್ಚುತ್ತದೆ. ರೈಲಿನ ಗಾಳಿ ಬ್ರೇಕಿನ ಯುಕ್ತಿಯೂ ಇದೇ: ಬ್ರೇಕಿನ ಕೊಳವೆ ಹರಿದರೆ ರೈಲು ಓಡುವುದಿಲ್ಲ, ನಿಲ್ಲುತ್ತದೆ.

ಇಷ್ಟು ಸರಳವಾಗಿದ್ದರೆ ಬಾಗಿಲನ್ನು ಇನ್ನೂ ಆಳದಲ್ಲಿ ಇಡಬಾರದೇಕೆ? ಇಲ್ಲಿದೆ ತೊಡಕು. ಮೇಲೆ ಒತ್ತಡ ಬಿಟ್ಟರೂ ನಳಿಕೆಯಲ್ಲಿ ನಿಂತ ಎಣ್ಣೆಗೆ ತನ್ನದೇ ತೂಕವಿದೆಯಲ್ಲ! ನೀರಿಗಿಂತ ತುಸು ಹಗುರವಾದ ಎಣ್ಣೆಯ 100 ಮೀಟರ್ ಕಂಬ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 8.5 ಕಿಲೋಗ್ರಾಂ ತೂಕ ಹೇರುತ್ತದೆ. 300 ಮೀಟರಿನಲ್ಲಿ ಅದು 25. 2,000 ಮೀಟರಿನಲ್ಲಿ 170, ಎಂದರೆ ಕಾರಿನ ಚಕ್ರದ ಗಾಳಿಯ ಒತ್ತಡದ ಸುಮಾರು 80 ಪಟ್ಟು. ಸ್ಪ್ರಿಂಗು ಮುಚ್ಚಬೇಕಾದರೆ ಮೊದಲು ಈ ಇಡೀ ಕಂಬವನ್ನು ಮೇಲೆತ್ತಬೇಕು. ಎತ್ತಲಾರದಿದ್ದರೆ ಬಾಗಿಲು ತೆರೆದೇ ಉಳಿಯುತ್ತದೆ. ಅದಕ್ಕೆ ಉಪಾಯಗಳೂ ಉಂಟು: ಕೊಂತದ ಇನ್ನೊಂದು ಬದಿಗೆ ಅಷ್ಟೇ ತೂಕದ ಎರಡನೆಯ ನಳಿಕೆ ಇಳಿಸುವುದು, ಸ್ಪ್ರಿಂಗಿನ ನೆರವಿಗೆ ಅದುಮಿದ ನೈಟ್ರೋಜನ್ ತುಂಬಿದ ಕೋಣೆ ಇಡುವುದು, ಎಣ್ಣೆಯನ್ನೇ ಬಿಟ್ಟು ವಿದ್ಯುತ್ತಿನಿಂದ ನಡೆಸುವುದು.

ಮುಚ್ಚಿದ ಬಾಗಿಲನ್ನು ತೆರೆಯುವುದೂ ಸುಲಭವಲ್ಲ. ರೆಕ್ಕೆಯ ವ್ಯಾಸ 7 ಸೆಂಟಿಮೀಟರ್, ಮೇಲೆ ಕೆಳಗಿನ ಒತ್ತಡದ ವ್ಯತ್ಯಾಸ ಚದರ ಸೆಂಟಿಮೀಟರಿಗೆ 200 ಕಿಲೋಗ್ರಾಂ ಎನ್ನಿ. ಗುಣಿಸಿ ನೋಡಿ, ಏಳೂವರೆ ಟನ್ನಿಗೂ ಮಿಕ್ಕ ಭಾರ. ಆದ್ದರಿಂದ ಮೊದಲು ಎರಡೂ ಬದಿಯ ಒತ್ತಡ ಸಮ ಮಾಡಿಕೊಂಡೇ ತೆರೆಯುತ್ತಾರೆ.

ಬಾಗಿಲು ಇದ್ದ ಮಾತ್ರಕ್ಕೆ ಸಾಲದು. 1977ರ ಏಪ್ರಿಲ್ 22ರಂದು ಉತ್ತರ ಸಮುದ್ರದಲ್ಲಿ, ನಾರ್ವೆಯ ಎಕೋಫಿಸ್ಕ್ ಕ್ಷೇತ್ರದ ಬ್ರಾವೊ ವೇದಿಕೆಯಲ್ಲಿ ಬಾವಿಯೊಂದರ ದುರಸ್ತಿ ನಡೆದಿತ್ತು. ಕ್ರಿಸ್ಮಸ್ ಟ್ರೀ ಕಳಚಿಯಾಗಿತ್ತು, ಬದಲಿ ತಡೆಯಂತ್ರ ಇನ್ನೂ ಬಾಯಿಗೆ ಕೂತಿರಲಿಲ್ಲ. ಆ ನಡುವಿನ ಹೊತ್ತಿಗೆ ಒಳಗಿನ ಕವಾಟವೇ ಆಸರೆ. ಅದನ್ನು ಸರಿಯಾಗಿ ಕೂರಿಸಿರಲಿಲ್ಲ. ಎಂಟು ದಿನ ತೈಲ ಸಮುದ್ರಕ್ಕೆ ಸುರಿಯಿತು. ವೇದಿಕೆಯಲ್ಲಿದ್ದ 112 ಮಂದಿ ಪಾರಾದದ್ದು ಭಾಗ್ಯ. ಅಸ್ಸಾಮಿನ ಬಾಗ್‌ಜಾನಿನಲ್ಲಿ 2020ರ ಮೇ 27ರಂದು ಅನಿಲಬಾವಿ ಸಿಡಿದದ್ದೂ ದುರಸ್ತಿಯ ವೇಳೆಯಲ್ಲೇ. ಜೂನ್ 9ರಂದು ಬೆಂಕಿ ಹೊತ್ತಿ, ಅಗ್ನಿಶಾಮಕ ದಳದ ಇಬ್ಬರು ಪ್ರಾಣ ತೆತ್ತರು. ಬಾವಿಯನ್ನು ಪೂರ್ತಿ ಹತೋಟಿಗೆ ತರುವಾಗ ನವೆಂಬರ್ ಬಂದಿತ್ತು.

ಕೆಲವು ಬಗೆಯ ಕವಾಟಗಳು ಕೆಟ್ಟರೆ ಹೊರತೆಗೆಯುವ ವಿಧಾನ ನಿಮಗೆ ಅಪರಿಚಿತವೇನಲ್ಲ. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಇಳಿಸಿ ಎತ್ತುವುದಿಲ್ಲವೇ? ಹಾಗೆಯೇ ಸುಮಾರು 3 ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಯ ತುದಿಗೆ ಹಿಡಿಕೆ ಕಟ್ಟಿ ಇಳಿಸುತ್ತಾರೆ. ಕೆಳಗೆ ಏನಾಯಿತೆಂದು ಕಣ್ಣಿಗೆ ಕಾಣದು. ತಂತಿಯ ಮೇಲಿನ ಎಳೆತ ತೋರುವ ಮುಳ್ಳಿನಿಂದಲೇ ಊಹಿಸಬೇಕು. ಕಳಚಿ ಬಿದ್ದ ಉಪಕರಣವನ್ನು ಎತ್ತುವ ಕೆಲಸಕ್ಕೆ ಅವರು ‘ಮೀನು ಹಿಡಿಯುವುದು’ ಎನ್ನುತ್ತಾರೆ. ಕೃಷ್ಣಾ-ಗೋದಾವರಿ ಕರಾವಳಿಯಾಚೆಯ ಆಳಸಮುದ್ರದ ಬಾವಿಗಳಲ್ಲಿ, 2024ರ ಜನವರಿಯಲ್ಲಿ ಓ.ಎನ್.ಜಿ.ಸಿ. ಮೊದಲ ತೈಲ ತೆಗೆದದ್ದೂ ಇಂಥಲ್ಲಿಂದಲೇ, ಬಾವಿಯ ಬಾಯಿ ನೂರಾರು ಮೀಟರ್ ನೀರಿನ ಕೆಳಗಿದೆ. ಅಲ್ಲಿ ಪಾತಾಳಗರಡಿ ಇಳಿಸಬೇಕಾದರೆ ಮೊದಲು ಒಂದು ಹಡಗನ್ನೇ ತರಿಸಬೇಕು.