ತನ್ನ ಪಾತ್ರ ಬೇರೆಯವರಿಗೆ ಕೊಟ್ಟ ಗಾಯಕ

ತನ್ನದೇ ಬದುಕಿನ ಕಥೆಯಿರುವ ಸಂಗೀತ ನಾಟಕದಲ್ಲಿ ಗೆಳೆಯನ ವೇಷ ಹಾಕಿದವರು ಬ್ರಿಟಿಷ್ ಪಾಪ್ ತಾರೆ ಬಾಯ್ ಜಾರ್ಜ್. 2002ರಲ್ಲಿ ಲಂಡನ್ನಿನಲ್ಲಿ ರಂಗಕ್ಕೇರಿದ ಆ ನಾಟಕ ‘ಟಬೂ’. ಸಂಗೀತವೂ ಅವರದೇ.

ಆ ಗೆಳೆಯ, ಆಸ್ಟ್ರೇಲಿಯಾದಿಂದ ಬಂದ ಕಲಾವಿದ ಲೀ ಬೋವರಿ. ಬೋಳುತಲೆಯಿಂದ ಮುಖದ ಮೇಲೆ ಬಣ್ಣ ಇಳಿಬಿಟ್ಟುಕೊಂಡು ಮೆರೆಯುತ್ತಿದ್ದ ಈತ 1985ರಲ್ಲಿ ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಲ್ಲಿ ನಡೆಸಿದ ನೈಟ್‌ಕ್ಲಬ್ಬಿನ ಹೆಸರೇ ನಾಟಕಕ್ಕೂ ಬಂತು. ಅಲ್ಲಿ ಕಾಸಿದ್ದರೆ ಸಾಲುತ್ತಿರಲಿಲ್ಲ, ವೇಷ ಕಣ್ಣು ಕುಕ್ಕಬೇಕಿತ್ತು! ಬಾಗಿಲಲ್ಲಿದ್ದವನು ಬಂದವರ ಮುಖಕ್ಕೆ ಕನ್ನಡಿ ಹಿಡಿದು, ‘ನಿಮ್ಮನ್ನು ನೀವೇ ಒಳಗೆ ಬಿಡುತ್ತೀರಾ?’ ಎಂದು ಕೇಳುತ್ತಿದ್ದನಂತೆ.

2003ರಲ್ಲಿ ನಾಟಕ ನ್ಯೂಯಾರ್ಕಿನ ಬ್ರಾಡ್‌ವೇಗೂ ಹೋಯಿತು. ನೂರು ಪ್ರದರ್ಶನಕ್ಕೇ ನಿಂತಿತು. ಆದರೆ ಜಾರ್ಜ್ ಪಾತ್ರದ ಯೂವನ್ ಮಾರ್ಟನ್‌ಗೆ ರಂಗಭೂಮಿಯ ಟೋನಿ ಪ್ರಶಸ್ತಿಯ ನಾಮನಿರ್ದೇಶನ ಸಿಕ್ಕಿತು. ಹಾಡುಗಳಿಗೂ ಸಿಕ್ಕಿತು.