ಕಂಪನ ಒಂದೇ, ನೆಲ ಬೇರೆ ಬೇರೆ

ಭೂಕಂಪದ ಸುದ್ದಿ ಬಂದಾಗ ಎಲ್ಲರ ಕಣ್ಣು ಮೊದಲು ಹುಡುಕುವುದು ರಿಕ್ಟರ್ ಮಾಪಕದ ಅಂಕಿಯನ್ನು. ಅಂಕಿ ಐದರೊಳಗಿದ್ದರೆ ನಿಟ್ಟುಸಿರು, ಆರನ್ನು ದಾಟಿದರೆ ಆತಂಕ. ವಾಸ್ತವವಾಗಿ ಆ ಅಂಕಿ ತಿಳಿಸುವುದು ಭೂಗರ್ಭದಲ್ಲಿ ಬಿಡುಗಡೆಯಾದ ಶಕ್ತಿಯ ಪರಿಮಾಣವನ್ನು ಮಾತ್ರ. ಒಂದು ನಿರ್ದಿಷ್ಟ ಊರಿನ ಒಂದು ನಿರ್ದಿಷ್ಟ ಮನೆ ಎಷ್ಟು ಅಲುಗಾಡಿತು ಎಂಬುದನ್ನು ಅದು ಹೇಳಲಾರದು. ಅದನ್ನು ತಿಳಿಯಲು ಕಂಪನದ ಕೇಂದ್ರ ಎಷ್ಟು ದೂರದಲ್ಲಿದೆ, ಅಲೆಗಳು ಎಂತಹ ಶಿಲೆಯ ಮೂಲಕ ಹಾದು ಬಂದವು, ಮನೆಯ ಪಾಯದ ಕೆಳಗೆ ಎಂತಹ ಮಣ್ಣಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಪರಿಮಾಣ ಒಂದು ಭೂಕಂಪಕ್ಕೆ ಒಂದೇ; ತೀವ್ರತೆ ಮಾತ್ರ ಊರೂರಿಗೆ, ಕೆಲವೊಮ್ಮೆ ಓಣಿ ಓಣಿಗೆ ಬೇರೆ.

ಈ ವ್ಯತ್ಯಾಸವನ್ನು ಅರಿಯಲು ಬೆಳಗಾವಿ ಜಿಲ್ಲೆಯ ವಾಯವ್ಯ ಮತ್ತು ಉತ್ತರ ಭಾಗದ ಐದು ತಾಲ್ಲೂಕುಗಳಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡಗಳಿಗಿಂತ ಉತ್ತಮ ಉದಾಹರಣೆ ರಾಜ್ಯದಲ್ಲಿ ಸಿಗುವುದು ಕಷ್ಟ. ಈ ಗಡಿ ಪ್ರದೇಶವನ್ನು ನಾವು ನೆನೆಯುವುದು ಕಬ್ಬು, ತಂಬಾಕು, ಕೃಷ್ಣೆಯ ನೆರೆ ಮತ್ತು ಗಡಿ ವಿವಾದದ ಸಂದರ್ಭಗಳಲ್ಲಿ. ಈ ತಾಲ್ಲೂಕು ಕೇಂದ್ರಗಳಿಂದ ನೇರ ಅಂತರದಲ್ಲಿ ಸುಮಾರು 130ರಿಂದ 160 ಕಿಲೋಮೀಟರ್ ದೂರದಲ್ಲಿ ಮಹಾರಾಷ್ಟ್ರದ ಕೊಯ್ನಾ ಇದೆ ಎಂಬುದು ನಮ್ಮ ನೆನಪಿಗೆ ಅಷ್ಟಾಗಿ ಬರುವುದಿಲ್ಲ. ದಕ್ಷಿಣ ಭಾರತದ ಭೂಕಂಪಗಳ ಇತಿಹಾಸದಲ್ಲಿ ಕೊಯ್ನಾದಷ್ಟು ಸತತವಾಗಿ ಕಂಪಿಸಿದ ನೆಲ ಇನ್ನೊಂದಿಲ್ಲ.

1962ರಲ್ಲಿ ಕೊಯ್ನಾ ಅಣೆಕಟ್ಟಿನ ಹಿಂದೆ ನೀರು ತುಂಬಲಾರಂಭಿಸಿದ ನಂತರ ಆ ಭಾಗದಲ್ಲಿ ಸಣ್ಣ ಕಂಪನಗಳು ಕಾಣಿಸಿಕೊಂಡವು. 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3 ಪರಿಮಾಣದ ಭೂಕಂಪ ಅಪ್ಪಳಿಸಿತು. ಸುಮಾರು ಇನ್ನೂರು ಜನ ಪ್ರಾಣ ಕಳೆದುಕೊಂಡರು, ಕೊಯ್ನಾನಗರ ನೆಲಸಮವಾಯಿತು, ದೂರದ ಮುಂಬಯಿಯಲ್ಲಿ ವಿದ್ಯುತ್ ಪೂರೈಕೆ ನಿಂತಿತು. ಅಣೆಕಟ್ಟಿನೊಳಗೇ ಇರಿಸಿದ್ದ ಉಪಕರಣ ದಾಖಲಿಸಿದ ಗರಿಷ್ಠ ವೇಗೋತ್ಕರ್ಷ ಗುರುತ್ವಾಕರ್ಷಣೆಯ 0.63 ಪಾಲು. ಅಣೆಕಟ್ಟಿನ ವಿನ್ಯಾಸದಲ್ಲಿ ಇಂಜಿನಿಯರುಗಳು ಲೆಕ್ಕಕ್ಕೆ ಹಿಡಿದಿದ್ದುದು ಕೇವಲ 0.05. ಕಟ್ಟೆಯಲ್ಲಿ ಬಿರುಕುಗಳು ಮೂಡಿದರೂ ಅದು ನಿಂತಿತು. ಜಲಾಶಯದ ನೀರು ಭೂಕಂಪವನ್ನು ಪ್ರಚೋದಿಸಬಲ್ಲದು ಎಂಬುದಕ್ಕೆ ಜಗತ್ತಿನಲ್ಲೇ ಪ್ರಮುಖ ನಿದರ್ಶನವಾಗಿ ಕೊಯ್ನಾ ಇಂದಿಗೂ ಅಧ್ಯಯನದ ವಸ್ತು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಹರ್ಷ ಗುಪ್ತ ಮೊದಲಾದ ವಿಜ್ಞಾನಿಗಳು ದಶಕಗಳ ಕಾಲ ಇದರ ಬೆನ್ನು ಹತ್ತಿದ್ದಾರೆ. ಅಲ್ಲಿ 5 ಅಥವಾ ಅದಕ್ಕೂ ಮೀರಿದ ಪರಿಮಾಣದ ಇಪ್ಪತ್ತಕ್ಕೂ ಹೆಚ್ಚು ಕಂಪನಗಳು ದಾಖಲಾಗಿವೆ.

ಕೊಯ್ನಾ ಅನುಭವ ದೇಶದ ಭೂಕಂಪ ನಕ್ಷೆಯನ್ನೇ ಬದಲಿಸಿತು. 1970ರ ಪರಿಷ್ಕರಣೆಯಲ್ಲಿ ಕೊಯ್ನಾ ಪ್ರದೇಶ ನಾಲ್ಕನೆಯ ವಲಯಕ್ಕೆ ಏರಿತು. 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿ ಕಂಪಿಸಿದಾಗ ಆ ಭಾಗ ಅತ್ಯಂತ ಸುರಕ್ಷಿತವೆನಿಸಿದ್ದ ಒಂದನೆಯ ವಲಯದಲ್ಲಿತ್ತು. 2002ರಲ್ಲಿ ಭಾರತೀಯ ಮಾನಕ 1893 ಪರಿಷ್ಕೃತವಾದಾಗ ಒಂದನೆಯ ವಲಯವನ್ನೇ ಕೈಬಿಡಲಾಯಿತು. ಆ ನಕ್ಷೆಯಲ್ಲಿ ಬೆಂಗಳೂರು, ಮೈಸೂರುಗಳು ಎರಡನೆಯ ವಲಯದಲ್ಲಿದ್ದರೆ ಬೆಳಗಾವಿ, ಧಾರವಾಡ, ವಿಜಯಪುರಗಳು ಮೂರನೆಯ ವಲಯದಲ್ಲಿವೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಬೆಂಗಳೂರಿಗೆ ನಿಗದಿಯಾದ ವಲಯಾಂಕ 0.10, ಬೆಳಗಾವಿಗೆ 0.16, ಕೊಯ್ನಾಕ್ಕೆ 0.24. ಎರಡು ಬಾರಿಯೂ ನೆಲ ನಡುಗಿದ ಮೇಲೆ ನಕ್ಷೆ ತಿದ್ದಲ್ಪಟ್ಟಿತು ಎಂಬ ಸಂಗತಿ ನಕ್ಷೆಯನ್ನು ನಂಬುವವರಿಗೆ ಎಚ್ಚರಿಕೆಯಾಗಬೇಕು.

ನೂರಾ ಮೂವತ್ತು ಕಿಲೋಮೀಟರ್ ಕಡಿಮೆ ದೂರವೇನಲ್ಲ, ಅಷ್ಟು ದೂರ ಬರುವಷ್ಟರಲ್ಲಿ ಕಂಪನ ಸೊರಗುವುದಿಲ್ಲವೇ ಎಂದು ಕೇಳಬಹುದು. ಸೊರಗುತ್ತದೆ ನಿಜ. ಎಷ್ಟು ಸೊರಗುತ್ತದೆ ಎಂಬುದನ್ನು ನಿರ್ಧರಿಸುವುದು ದಾರಿಯ ಶಿಲೆ. ಅಮೆರಿಕದ ಪಶ್ಚಿಮ ಕರಾವಳಿಯ ಶಿಲೆಗಳು ಬಿರುಕು, ಸ್ತರಭಂಗಗಳಿಂದ ಛಿದ್ರವಾಗಿವೆ. ಅಲೆಗಳ ಶಕ್ತಿ ಅಲ್ಲಿ ಬೇಗನೆ ಕರಗುತ್ತದೆ. ಪೂರ್ವ ಭಾಗದ ಶಿಲೆ ಪುರಾತನ, ತಣ್ಣನೆಯದು, ಗಟ್ಟಿ. 2004ರಲ್ಲಿ ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ ಸಂಭವಿಸಿದ 6.0 ಪರಿಮಾಣದ ಕಂಪನಕ್ಕಿಂತ 2011ರಲ್ಲಿ ಪೂರ್ವದ ವರ್ಜೀನಿಯಾದಲ್ಲಿ ಸಂಭವಿಸಿದ 5.8ರ ಕಂಪನ ಎಷ್ಟೋ ಪಟ್ಟು ವಿಸ್ತಾರವಾದ ಪ್ರದೇಶದಲ್ಲಿ ಅನುಭವಕ್ಕೆ ಬಂದಿತು. ವರ್ಜೀನಿಯಾದ ಆ ಕೇಂದ್ರದಿಂದ ಸುಮಾರು 130 ಕಿಲೋಮೀಟರ್ ದೂರದಲ್ಲಿದ್ದ ವಾಷಿಂಗ್ಟನ್ ಸ್ಮಾರಕ ಬಿರುಕು ಬಿಟ್ಟು, 2014ರವರೆಗೆ ಸಾರ್ವಜನಿಕರಿಗೆ ಮುಚ್ಚಿತ್ತು. ಕೊಯ್ನಾದಿಂದ ನಿಪ್ಪಾಣಿಗೂ ಕಾಗವಾಡಕ್ಕೂ ಇರುವುದು ಹೆಚ್ಚುಕಡಿಮೆ ಅದೇ ಅಂತರ. ನಮ್ಮ ಪರ್ಯಾಯ ದ್ವೀಪದ ಶಿಲಾಫಲಕವೂ ಪುರಾತನವಾದದ್ದು, ಕಂಪನವನ್ನು ದೂರ ಸಾಗಿಸಬಲ್ಲದ್ದು.

ಇನ್ನು ಕಾಲಡಿಯ ಮಣ್ಣಿನ ವಿಚಾರ. ಗಟ್ಟಿ ಬಂಡೆಯಲ್ಲಿ ಅಲೆಗಳು ವೇಗವಾಗಿ ಓಡುತ್ತವೆ. ಮೆತ್ತನೆಯ ಮಣ್ಣಿಗೆ ಬಂದೊಡನೆ ಅವುಗಳ ವೇಗ ಕುಸಿಯುತ್ತದೆ. ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ರಸ್ತೆಯನ್ನು ನೋಡಿದವರಿಗೆ ಇದರ ಪರಿಣಾಮ ಸುಲಭವಾಗಿ ಅರ್ಥವಾದೀತು. ಹೆದ್ದಾರಿಯಲ್ಲಿ ಅಂತರ ಬಿಟ್ಟು ಓಡುತ್ತಿದ್ದ ಕಬ್ಬಿನ ಟ್ರ್ಯಾಕ್ಟರುಗಳು ಕೆಸರು ರಸ್ತೆಗೆ ಇಳಿದೊಡನೆ ನಿಧಾನವಾಗುತ್ತವೆ, ಹಿಂದಿನವು ಬಂದು ಸೇರಿಕೊಳ್ಳುತ್ತವೆ, ರಸ್ತೆ ಕಿಕ್ಕಿರಿಯುತ್ತದೆ. ಅಲೆಯ ಶಕ್ತಿಯೂ ಹಾಗೆಯೇ ಮೆತ್ತನೆಯ ಪದರದಲ್ಲಿ ಒತ್ತೊತ್ತಾಗಿ ನೆಲದ ತೂಗಾಟವನ್ನು ಹಿಗ್ಗಿಸುತ್ತದೆ.

ಈ ಐದು ತಾಲ್ಲೂಕುಗಳ ನೆಲ ಹೊರನೋಟಕ್ಕೆ ಒಂದೇ ಬಗೆಯದೆಂದು ತೋರಬಹುದು. ಬಹುಪಾಲು ಪ್ರದೇಶದ ತಳದಲ್ಲಿರುವುದು ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆ; ದಕ್ಷಿಣಕ್ಕೆ ಗೋಕಾಕದ ಕಡೆ ಸಾಗಿದಂತೆ ಮರಳುಗಲ್ಲು ಕಾಣಿಸುತ್ತದೆ. ಆದರೆ ಇಲ್ಲಿನ ರೈತ ಭೂವಿಜ್ಞಾನಿಗಿಂತ ಮೊದಲೇ ನೆಲವನ್ನು ವಿಂಗಡಿಸಿದ್ದಾನೆ: ಕಲ್ಲು ಹತ್ತಿರವಿರುವ ಎತ್ತರದ ಮಡ್ಡಿ, ಗರಸು ಬೆರೆತ ಮಸಾರಿ, ತಗ್ಗಿನ ಎರೆ ಭೂಮಿ, ಹೊಳೆದಂಡೆಯ ಮೆಕ್ಕಲು. ಮಡ್ಡಿಯ ಮೇಲೆ ಮೊಳ ಎರಡು ಮೊಳ ಅಗೆದರೆ ಕಲ್ಲು ಸಿಗುತ್ತದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಇಕ್ಕೆಲದಲ್ಲಿ ಬಂಡೆ ಆಳದಲ್ಲಿದೆ. ಯಡೂರು, ಮಾಂಜರಿ, ಅಂಕಲಿ, ಸದಲಗಾ, ಕುಡಚಿ, ಉಗಾರಗಳಂತಹ ಹೊಳೆಸಾಲಿನ ಊರುಗಳಿಗೂ ಚಿಕ್ಕೋಡಿಯ ಗುಡ್ಡದ ಓಣಿಗಳಿಗೂ ಒಂದೇ ಕಂಪನ ಬೇರೆ ಬೇರೆ ರೂಪದಲ್ಲಿ ತಲುಪುವುದು ಈ ಕಾರಣದಿಂದ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ರತಿ ಮಣ್ಣಿನ ಪದರಕ್ಕೂ, ಪ್ರತಿ ಕಟ್ಟಡಕ್ಕೂ ತನ್ನದೇ ಆದ ತೂಗಾಟದ ಅವಧಿಯಿದೆ. ಮಣ್ಣಿನ ಆಳವನ್ನು ನಾಲ್ಕರಿಂದ ಗುಣಿಸಿ ಅಲೆಯ ವೇಗದಿಂದ ಭಾಗಿಸಿದರೆ ಆ ಪದರದ ಅವಧಿ ದೊರೆಯುತ್ತದೆ. ಅಲೆ ಸೆಕೆಂಡಿಗೆ 200 ಮೀಟರ್ ಚಲಿಸುವ ಮಣ್ಣು 10 ಮೀಟರ್ ಆಳವಿದ್ದರೆ ಅವಧಿ 0.2 ಸೆಕೆಂಡು, 30 ಮೀಟರ್ ಇದ್ದರೆ 0.6 ಸೆಕೆಂಡು. ಕಟ್ಟಡಗಳಲ್ಲಿ ಮಹಡಿಯೊಂದಕ್ಕೆ ಸುಮಾರು 0.1 ಸೆಕೆಂಡು ಎಂಬುದು ಸ್ಥೂಲ ಲೆಕ್ಕ. ಅಂದರೆ ಹತ್ತು ಮೀಟರಿನ ಮಣ್ಣು ಎರಡು ಅಂತಸ್ತಿನ ಮನೆಯೊಂದಿಗೂ, ಮೂವತ್ತು ಮೀಟರಿನ ಮಣ್ಣು ಆರು ಅಂತಸ್ತಿನ ಕಟ್ಟಡದೊಂದಿಗೂ ತಾಳ ಹೊಂದಿಸಿಕೊಳ್ಳುತ್ತದೆ. ತಾಳ ಕೂಡಿದಾಗ ಜೋಕಾಲಿಯನ್ನು ಹದವರಿತು ಜೀಕಿದಂತೆ ತೂಗಾಟ ಏರುತ್ತದೆ. 1985ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೋ ನಗರವನ್ನು ಕೆಡವಿದ ಭೂಕಂಪದ ಕೇಂದ್ರ ಮುನ್ನೂರೈವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿತ್ತು. ಹಳೆಯ ಸರೋವರದ ಜೇಡಿಯ ಮೇಲಿದ್ದ ಮಧ್ಯಮ ಎತ್ತರದ ಕಟ್ಟಡಗಳು ಉರುಳಿದವು. ಅದೇ ನಗರದ ಗಟ್ಟಿ ನೆಲದ ಬಡಾವಣೆಗಳಲ್ಲಿ ಹಾನಿ ಅತ್ಯಲ್ಪ. 2001ರ ಜನವರಿ 26ರಂದು ಭುಜ್ ಕಂಪಿಸಿದಾಗ ಇನ್ನೂರು ಕಿಲೋಮೀಟರಿಗೂ ಆಚೆಯ ಅಹಮದಾಬಾದಿನಲ್ಲಿ, ಸಾಬರಮತಿಯ ಮೆಕ್ಕಲಿನ ಮೇಲಿದ್ದ ಬಹುಮಹಡಿ ಕಟ್ಟಡಗಳು ಕುಸಿದದ್ದನ್ನು ನಾವೆಲ್ಲ ದೂರದರ್ಶನದಲ್ಲಿ ಕಂಡಿದ್ದೇವೆ. ನೆಲಮಹಡಿಯನ್ನು ವಾಹನಗಳಿಗಾಗಿ ಕೇವಲ ಕಂಬಗಳ ಮೇಲೆ ತೆರೆದಿಟ್ಟ ಕಟ್ಟಡಗಳೇ ಅವುಗಳಲ್ಲಿ ಹೆಚ್ಚು. ಅದೇ ಮಾದರಿ ಇಂದು ನಮ್ಮ ತಾಲ್ಲೂಕು ಕೇಂದ್ರಗಳಿಗೂ ಬಂದಿದೆ.

ಮಣ್ಣಿನ ದೋಷಕ್ಕೆ ಮನೆಯ ದೋಷ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಕಿಲ್ಲಾರಿ ಸಾಕ್ಷಿ. ಅಥಣಿಯಿಂದ ನೇರ ಅಂತರದಲ್ಲಿ ಅದು ಸುಮಾರು 220 ಕಿಲೋಮೀಟರ್. ಅಲ್ಲಿನ ಭೂಕಂಪದ ಪರಿಮಾಣ 6.2, ಕೊಯ್ನಾದ್ದಕ್ಕಿಂತ ದೊಡ್ಡದಲ್ಲ. ಸತ್ತವರು ಮಾತ್ರ ಸುಮಾರು ಎಂಟು ಸಾವಿರ; ಕೆಲವು ಅಂದಾಜುಗಳು ಹತ್ತು ಸಾವಿರವನ್ನು ಸಮೀಪಿಸುತ್ತವೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಟನ್ನುಗಟ್ಟಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪಾಗಿರುವ ಆ ಮನೆ, ನಸುಕಿನ ನಿದ್ದೆಯಲ್ಲಿದ್ದವರ ಮೇಲೆ ಕುಸಿದು ಬಿದ್ದಿತು. ಅಥಣಿ, ರಾಯಬಾಗಗಳ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಮಾಳಿಗೆ ಮನೆಗಳೂ ವಾಡೆಗಳೂ ಅದೇ ಕುಲಕ್ಕೆ ಸೇರಿದವು. ಎರೆ ಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಅದರ ಮೇಲಿನ ಅನೇಕ ಗೋಡೆಗಳು ಕಂಪನಕ್ಕೆ ಮೊದಲೇ ಸೀಳಿರುತ್ತವೆ. ಹೊಳೆಸಾಲಿನಲ್ಲಿ ಅತಿಯಾದ ನೀರಾವರಿಯಿಂದ ಸವಳು-ಜವಳಾಗಿರುವ ಭೂಮಿಯದು ಮತ್ತೊಂದು ಸಮಸ್ಯೆ. ಅಂತರ್ಜಲ ಮೇಲ್ಮೈಗೆ ಹತ್ತಿರವಿದ್ದು ಕೆಳಗೆ ಸಡಿಲ ಮರಳಿದ್ದರೆ, ಪ್ರಬಲ ಕಂಪನದಲ್ಲಿ ಆ ಮರಳು ದ್ರವದಂತೆ ವರ್ತಿಸಿ ಪಾಯವನ್ನೇ ಕೈಬಿಡಬಹುದು.

ಇದೆಲ್ಲ ದೂರದ ಭೀತಿಯೆಂದು ತಳ್ಳಿಹಾಕುವಂತಿಲ್ಲ. 2021ರ ಅಕ್ಟೋಬರಿನಲ್ಲಿ ಕಲಬುರ್ಗಿ ಜಿಲ್ಲೆಯ ಗಡಿಕೇಶ್ವರದಲ್ಲಿ ಸರಣಿ ಕಂಪನಗಳಿಗೆ ಅಂಜಿ ಜನ ಮನೆಯ ಹೊರಗೆ ರಾತ್ರಿ ಕಳೆದರು. 2022ರ ಜುಲೈನಲ್ಲಿ ವಿಜಯಪುರ ಜಿಲ್ಲೆಯಲ್ಲಿ 4.4 ಪರಿಮಾಣದ ಕಂಪನ ದಾಖಲಾಯಿತು. ವಿಜಯಪುರ ಅಥಣಿಯಿಂದ ಸುಮಾರು 70 ಕಿಲೋಮೀಟರ್. ಇವು ದೊಡ್ಡ ಅನಾಹುತದ ಮುನ್ಸೂಚನೆಗಳೆಂದು ಹೇಳುವುದು ಅವಿವೇಕ. ಭೂಕಂಪದ ದಿನಾಂಕವನ್ನು ಯಾವ ವಿಜ್ಞಾನವೂ ಮುಂಚಿತವಾಗಿ ಹೇಳಲಾರದು. ಆದರೆ ಕಂಪಿಸಿದರೆ ಯಾವ ನೆಲ ಹೆಚ್ಚು ತೂಗುತ್ತದೆ ಎಂಬುದನ್ನು ಮುಂಚಿತವಾಗಿ ಹೇಳಬಲ್ಲದು. ಆಡಳಿತಕ್ಕೆ ಉಪಯೋಗಕ್ಕೆ ಬರುವುದು ಈ ಎರಡನೆಯ ಜ್ಞಾನವೇ.

ಬೆಂಗಳೂರು ನಗರಕ್ಕಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಮಣ್ಣಿನ ಆಳ, ಅಲೆಗಳ ವೇಗ ಮೊದಲಾದವನ್ನು ಅಳೆದು ಸೂಕ್ಷ್ಮ ವಲಯ ನಕ್ಷೆ ಸಿದ್ಧಪಡಿಸಿದ್ದಾರೆ. ಎರಡನೆಯ ವಲಯದ ನಗರಕ್ಕೆ ದೊರೆತ ಈ ಸೌಲಭ್ಯ ಮೂರನೆಯ ವಲಯದ ಗಡಿ ಪಟ್ಟಣಗಳಿಗೂ ಸಲ್ಲಬೇಡವೇ? ಕೊಳವೆಬಾವಿ ಕೊರೆದಾಗಲೆಲ್ಲ ಎಷ್ಟು ಅಡಿಗೆ ಕಲ್ಲು ಸಿಕ್ಕಿತು ಎಂಬ ಮಾಹಿತಿ ಪ್ರತಿ ಊರಿನಲ್ಲೂ ಹುಟ್ಟುತ್ತದೆ. ಅದನ್ನು ಗ್ರಾಮ ಪಂಚಾಯಿತಿಯ ಪುಸ್ತಕದಲ್ಲಿ ಬರೆದಿಡಲು ಹೆಚ್ಚಿನ ಖರ್ಚಿಲ್ಲ. ತಾಲ್ಲೂಕಿಗೊಂದು ಪ್ರಾಥಮಿಕ ನಕ್ಷೆ ಇದರಿಂದಲೇ ಆರಂಭವಾಗಬಹುದು.

ಎರಡನೆಯ ಕೆಲಸ ಮನೆಗಳದು. 2005, 2019 ಮತ್ತು 2021ರ ನೆರೆಗಳಲ್ಲಿ ಹೊಳೆಸಾಲಿನ ಸಾವಿರಾರು ಮನೆಗಳು ಬಿದ್ದವು. 2019ರಲ್ಲಿ ಸಂಪೂರ್ಣ ಬಿದ್ದ ಮನೆಗೆ ರಾಜ್ಯ ಸರ್ಕಾರ ಐದು ಲಕ್ಷ ರೂಪಾಯಿ ಘೋಷಿಸಿತು. ಪರಿಹಾರದ ಹಣ ಕಂತುಗಳಲ್ಲಿ ಬಿಡುಗಡೆಯಾಗುವಾಗ ಪಾಯ, ಗೋಡೆ, ಛಾವಣಿಗಳ ಹಂತವನ್ನು ಅಧಿಕಾರಿಗಳು ಹೇಗೂ ಪರಿಶೀಲಿಸುತ್ತಾರೆ. ಬಾಗಿಲು-ಕಿಟಕಿಗಳ ಮೇಲಿನ ಮಟ್ಟದಲ್ಲಿ ಮನೆಯ ಸುತ್ತಲೂ ಮುರಿಯದೆ ಸಾಗುವ ಕಾಂಕ್ರೀಟ್ ಪಟ್ಟಿ, ಮೂಲೆಗಳಲ್ಲಿ ನಿಲುಗಂಬಿ, ಕಲ್ಲುಗೋಡೆಯಲ್ಲಿ ಎರಡೂ ಮುಖ ತಲುಪುವ ಉದ್ದಗಲ್ಲು ಇವೆಯೇ ಎಂಬ ಮೂರು ಪ್ರಶ್ನೆಗಳನ್ನು ಆ ಪರಿಶೀಲನೆಗೆ ಸೇರಿಸಿದರೆ ಸಾಕು. ಭಾರತೀಯ ಮಾನಕ 4326 ಮತ್ತು 13828 ಇವನ್ನು ಬಹಳ ಹಿಂದೆಯೇ ವಿವರಿಸಿವೆ. ಆ ಮಾನಕಗಳು ಊರಿನ ಗೌಂಡಿಯ ಕೈಗೆ ಕನ್ನಡದಲ್ಲಿ, ಚಿತ್ರಗಳೊಂದಿಗೆ ತಲುಪಬೇಕು. ಹಳ್ಳಿಯಲ್ಲಿ ಮನೆ ಕಟ್ಟುವವನು ಗೌಂಡಿ. ಇಂಜಿನಿಯರಿನ ಮುಖವನ್ನು ಆ ಮನೆಗಳು ನೋಡುವುದೇ ಇಲ್ಲ. ಕಿಲ್ಲಾರಿಯ ನಂತರ ಮಹಾರಾಷ್ಟ್ರ ಹಳ್ಳಿಗಳನ್ನು ಸ್ಥಳಾಂತರಿಸಿದ್ದಲ್ಲದೆ, ನಿಂತಿದ್ದ ಮನೆಗಳನ್ನು ಬಲಪಡಿಸುವ ಕಾರ್ಯಕ್ರಮವನ್ನೂ ಕೈಗೊಂಡಿತು. ಹಳೆಯ ಶಾಲಾ ಕಟ್ಟಡಗಳಿಂದ ಆ ಕೆಲಸ ಇಲ್ಲಿ ಆರಂಭವಾಗಲಿ.

ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅಪರೂಪದ ಅನಾಹುತಕ್ಕೆ ಹಣ ತೆಗೆದಿಡುವುದು ಯಾವ ಸರ್ಕಾರಕ್ಕೂ ಪ್ರಿಯವಲ್ಲ. ಐದು ವರ್ಷಗಳ ಅಧಿಕಾರಾವಧಿಗೆ ಐವತ್ತು ವರ್ಷಗಳ ಅಪಾಯ ಕಾಣುವುದಿಲ್ಲ. ಆದರೆ ಮನೆಯ ಆಯುಷ್ಯ ಐವತ್ತು ವರ್ಷವೇ. ಕಟ್ಟುವಾಗ ಹಾಕುವ ಪಟ್ಟಿ ಒಟ್ಟು ವೆಚ್ಚದ ಅಲ್ಪ ಪಾಲು. ಕಟ್ಟಿದ ಮೇಲೆ ಬಲಪಡಿಸುವುದು ದುಬಾರಿ. ಬಿದ್ದ ಮೇಲೆ ಕೊಡುವ ಪರಿಹಾರ ಹೋದ ಜೀವವನ್ನು ತರಲಾರದು. ಗಡಿಯ ಆಚೆ ಹುಟ್ಟುವ ಕಂಪನ ಗಡಿಯನ್ನು ಲೆಕ್ಕಿಸುವುದಿಲ್ಲ. ನೆರೆಯ ವಿಷಯದಲ್ಲಿ ಜಲಾಶಯಗಳ ನೀರಿನ ಮಟ್ಟವನ್ನು ಹಂಚಿಕೊಳ್ಳಲು ಎರಡೂ ರಾಜ್ಯಗಳು ಕಲಿಯುತ್ತಿವೆ. ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿ ಜಿಲ್ಲಾಡಳಿತಗಳು ಕಂಪನದ ಮಾಹಿತಿಗೂ ಅದೇ ದಾರಿ ತೆರೆಯಬೇಕು. ಅಷ್ಟರಲ್ಲಿ, ಹೊಸ ಮನೆಗೆ ಪಾಯ ತೆಗೆಯುವ ಪ್ರತಿಯೊಬ್ಬರೂ ತಮ್ಮ ಗೌಂಡಿಯನ್ನು ಒಂದು ಮಾತು ಕೇಳಲಿ: ಇಲ್ಲಿ ಎಷ್ಟು ಅಡಿಗೆ ಕಲ್ಲು ಸಿಗುತ್ತದೆ?