ತಿರುವಲ್ಲಿಕ್ಕೇಣಿಯ ಕೋಗಿಲೆ ಯಾರ ಮನೆಯಲ್ಲಿ ಬೆಳೆಯುತ್ತೆ?

ಅಂಗಳವೇ ಇಲ್ಲದ ಬೀದಿ.
ಅಲ್ಲಿ ಕೋಗಿಲೆ ಎಲ್ಲಿಂದ ಬಂತು?

ಇದು ಚೆನ್ನೈನ ತಿರುವಲ್ಲಿಕ್ಕೇಣಿ, ಅಂದ್ರೆ ಟ್ರಿಪ್ಲಿಕೇನ್.
ಪಾರ್ಥಸಾರಥಿ ಗುಡಿ, ಎದುರಿಗೆ ಕೊಳ.
ಗೋಡೆಗೆ ಗೋಡೆ ಅಂಟಿದ ಮನೆಗಳು.

ಇಲ್ಲಿ ತೋಟ ನೋಡಬೇಕಾ?
ತಲೆ ಎತ್ತಿ.
ತಾರಸಿ ಮೇಲೆ ತುಳಸಿ, ದಾಸವಾಳ, ಮಲ್ಲಿಗೆ.
ಪೇಂಟ್ ಡಬ್ಬಿಯಲ್ಲಿ ಕರಿಬೇವು!
ನನ್ನ ಕಣ್ಣಿಗೆ ದೊಡ್ಡ ಬಂಗಲೆಯ ಹುಲ್ಲುಹಾಸಿಗಿಂತ ಇದೇ ಚೆಂದ.

ಯುಗಾದಿ ಹೊತ್ತಿಗೆ ಬೇವು ಹೂ ಬಿಡುತ್ತೆ.
ಕೋಗಿಲೆ ಕೂಗು ಜೋರಾಗುತ್ತೆ.
ಕೂಗೋದು ಗಂಡು, ಕಪ್ಪು ಬಣ್ಣ.
ಹೆಣ್ಣು ಕಂದು, ಮೈತುಂಬ ಚುಕ್ಕಿ.

ಈಗ ನಾಟಕ ನೋಡಿ.
ಗಂಡು ಕಾಗೆಯನ್ನು ಕೆಣಕುತ್ತೆ.
ಕಾಗೆ ಅಟ್ಟಿಸಿಕೊಂಡು ಹೋಗುತ್ತೆ.
ಆ ಸಂದಿನಲ್ಲಿ ಹೆಣ್ಣು ಬಂದು ಕಾಗೆ ಗೂಡಲ್ಲಿ ಮೊಟ್ಟೆ ಇಡುತ್ತೆ.
ಮಗುವನ್ನು ಪಕ್ಕದ ಮನೆ ತೊಟ್ಟಿಲಿಗೆ ಹಾಕಿ, ಹೊರಟು ಹೋದ ಹಾಗೆ!

ಕೋಗಿಲೆ ಮರಿ ಮೊದಲೇ ಮೊಟ್ಟೆಯೊಡೆದು ಬರುತ್ತೆ.
ಕಾಗೆ ತರುವ ಮೊದಲ ತುತ್ತು ಅದಕ್ಕೇ.

ಆ ತುತ್ತು ಎಲ್ಲಿಂದ?
ಇಲ್ಲಿನ ಎಷ್ಟೋ ಮನೆಗಳಲ್ಲಿ ಊಟಕ್ಕೆ ಮುಂಚೆ ಕಾಗೆಗೆ ಅನ್ನ ಇಡ್ತಾರೆ.
ಅಂದ್ರೆ ಆ ಅನ್ನದಲ್ಲಿ ಕೋಗಿಲೆಗೂ ಪಾಲು.

ದೊಡ್ಡ ಕೋಗಿಲೆ ಹಣ್ಣು ತಿಂದು, ಬೀಜ ಬೇರೆಡೆ ಉದುರಿಸುತ್ತೆ.
ಯಾರೂ ನೆಡದ ಗಿಡ ಹುಟ್ಟೋದು ಹೀಗೂ ಉಂಟು.

ಮನೆಯವರು ಇಟ್ಟದ್ದನ್ನು ತಿನ್ನೋಕೆ ಗಿಳಿಯೂ ಬರುತ್ತೆ.
ಪಕ್ಕದ ರಾಯಪೇಟೆಯಲ್ಲಿ ಕ್ಯಾಮೆರಾ ರಿಪೇರಿ ಮಾಡುವವರೊಬ್ಬರು ವರ್ಷಗಟ್ಟಲೆ ತಾರಸಿಯಲ್ಲಿ ಅಕ್ಕಿ ಇಟ್ಟರು.
ಬಂದದ್ದು ಸಾವಿರಾರು ಗಿಳಿ!

ತಿರುವಲ್ಲಿಕ್ಕೇಣಿಯ ಕೋಗಿಲೆ ನೋಡೋಕೆ ಹೋಗ್ತೀರಾ?
ಬಿಸಿಲೇರುವ ಮೊದಲೇ ಹೋಗಿ.
ನಿಮ್ಮ ತಾರಸಿಯಲ್ಲೂ ಒಂದು ಮಣ್ಣಿನ ಬಟ್ಟಲಲ್ಲಿ ನೀರಿಡಿ.
ದಿನಾ ಬದಲಾಯಿಸಿ, ಸೊಳ್ಳೆ ಆಗಬಾರದು.